ಕೊಳವೆ ತರಂಗ: ರಂಧ್ರದ ನಡುವೆ ಉಕ್ಕಿನ ಸರಳಿದ್ದರೆ?

ತೈಲಬಾವಿಯ ಸೋನಿಕ್ ಲಾಗಿಂಗ್‌ನಲ್ಲಿ (ಶಬ್ದದ ಅಲೆಗಳಿಂದ ಬಂಡೆಯ ಗುಣ ಅಳೆಯುವ ಕೆಲಸದಲ್ಲಿ) ದ್ರವ ತುಂಬಿದ ರಂಧ್ರದೊಳಗೆ ಉದ್ದನೆಯ ಉಕ್ಕಿನ ಉಪಕರಣವನ್ನು ಇಳಿಬಿಡುತ್ತಾರೆ. ರಂಧ್ರದುದ್ದಕ್ಕೂ ಸಾಗುವ ಕಡಿಮೆ ಆವೃತ್ತಿಯ ಒತ್ತಡದ ಅಲೆಯೇ ಕೊಳವೆ ತರಂಗ. ಇದಕ್ಕೆ ಸ್ಟೋನ್‌ಲಿ ತರಂಗವೆಂಬ ಹೆಸರೂ ಇದೆ (ವಿಜ್ಞಾನಿ ರಾಬರ್ಟ್ ಸ್ಟೋನ್‌ಲಿಯ 1924ರ ಸಂಶೋಧನೆಯಿಂದ ಬಂದ ಹೆಸರು).

ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ರಂಧ್ರದ ಗೋಡೆ ಒತ್ತಡಕ್ಕೆ ತುಸು ಹಿಗ್ಗುವುದರಿಂದ ಕೊಳವೆ ತರಂಗ ಇದಕ್ಕಿಂತ ನಿಧಾನ. ಬಂಡೆಯ ಶಿಯರ್ ಮಾಡ್ಯುಲಸ್ (ಆಕಾರ ಬದಲಾಗದಂತೆ ತಡೆಯುವ ಬಿಗಿತ) 10 ಗಿಗಾಪಾಸ್ಕಲ್ ಇದ್ದರೆ ಲೆಕ್ಕದ ಪ್ರಕಾರ ವೇಗ ಸುಮಾರು 1,355 ಮೀಟರ್.

ಈಗ ಗಮನವಿಡಬೇಕಾದ ಅಂಶ. ಗಟ್ಟಿ ಉಕ್ಕು ಸೇರಿದರೆ ವೇಗ ಹೆಚ್ಚೀತು ಎಂದು ಅನ್ನಿಸುವುದು ಸಹಜ, ಆಗುವುದು ತದ್ವಿರುದ್ಧ. ಸರಳಿನಂಥ ಈ ಉಪಕರಣ ರಂಧ್ರದ ಅಡ್ಡಕೊಯ್ತದ ಅರ್ಧ ಜಾಗ ಹಿಡಿದರೆ ಉಳಿಯುವ ದ್ರವವೂ ಅರ್ಧ. ಗೋಡೆ ಹಿಗ್ಗುವುದು ಮಾತ್ರ ಮೊದಲಿನಷ್ಟೇ. ಹಾಗಾಗಿ ಗೋಡೆಯ ಪ್ರಭಾವ ಇಮ್ಮಡಿಯಾಗಿ, ವೇಗ ಸುಮಾರು 1,245 ಮೀಟರಿಗೆ ಇಳಿಯುತ್ತದೆ. ಉಪಕರಣದ ಗಾತ್ರವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಬಂಡೆ ಇರುವುದಕ್ಕಿಂತ ಮೃದುವೆಂದು ತೋರುತ್ತದೆ.

ಉಕ್ಕಿನ ಮೂಲಕವೇ ಸೆಕೆಂಡಿಗೆ ಸುಮಾರು 5,000 ಮೀಟರ್ ವೇಗದಲ್ಲಿ ಓಡುವ ತರಂಗ ಬೇರೆ. ಅದನ್ನು ತಡೆಯಲೆಂದೇ ಉಪಕರಣದ ಹೊರಕವಚದಲ್ಲಿ ಸೀಳುಗಳನ್ನು ಕೊರೆದಿರುತ್ತಾರೆ.