ಸ್ವತಂತ್ರತತ್ತ್ವ ವಿಚಾರ

ಶ್ರೀಮಧ್ವನವಮಿಯ ಉಪನ್ಯಾಸಗಳನ್ನು ಕೇಳುವ ಸಜ್ಜನರಲ್ಲಿ ಸಹಜವಾಗಿ ಮೂಡುವ ಸಂದೇಹವೊಂದಿದೆ. ಸರ್ವವೂ ಶ್ರೀಹರಿಯ ಅಧೀನವೆಂದಾದರೆ ನಾವು ಮಾಡಬೇಕಾದುದೇನು ಉಳಿಯಿತು? ಇದಕ್ಕೆ ಸಮಾಧಾನ ದೊರೆಯಬೇಕಾದರೆ ಪರತತ್ತ್ವದ ಸ್ವರೂಪವನ್ನು ಮೊದಲು ವಿಚಾರಿಸಬೇಕು.

ಶ್ರೀಮದಾಚಾರ್ಯರು (1238–1317) ‘ತತ್ತ್ವಸಂಖ್ಯಾನ’ವೆಂಬ ಪುಟ್ಟ ಪ್ರಕರಣಗ್ರಂಥದ ಆರಂಭದಲ್ಲಿಯೇ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿರುವರು. ಭಗವಾನ್ ವಿಷ್ಣುವೊಬ್ಬನೇ ಸ್ವತಂತ್ರ, ಉಳಿದುದೆಲ್ಲವೂ ಅಸ್ವತಂತ್ರ. ನಿತ್ಯಮುಕ್ತಳಾದ ಶ್ರೀಮಹಾಲಕ್ಷ್ಮಿಯೂ ಈ ಎರಡನೆಯ ವರ್ಗಕ್ಕೇ ಸೇರಿದವಳು. ತನ್ನ ಇರುವಿಕೆ, ತನ್ನ ಅರಿವು, ತನ್ನ ಪ್ರವೃತ್ತಿ ಈ ಮೂರಕ್ಕೂ ಪರರನ್ನು ಅಪೇಕ್ಷಿಸದಿರುವುದೇ ಸ್ವಾತಂತ್ರ್ಯವೆಂದು ಟೀಕಾಚಾರ್ಯರಾದ ಶ್ರೀಜಯತೀರ್ಥರು ವಿವರಿಸಿರುವರು.

ಇದನ್ನು ನಮ್ಮ ಬಯಲುಸೀಮೆಯ ಒಂದು ದೃಷ್ಟಾಂತದಿಂದ ತಿಳಿಯೋಣ. ಶಿರಾ ತಾಲ್ಲೂಕಿನ ಮದಲೂರಿನ ಕೆರೆ ಬಹುಕಾಲ ಬತ್ತಿತ್ತು. 2020ರ ಕೊನೆಯಲ್ಲಿ ಹೇಮಾವತಿಯ ನೀರನ್ನು ಅದಕ್ಕೆ ಹರಿಸಲಾಯಿತು. ಕೆರೆಗೆ ನಾಲೆಯ ಅಪೇಕ್ಷೆ, ನಾಲೆಗೆ ನದಿಯ ಅಪೇಕ್ಷೆ, ನದಿಗೆ ಮಲೆನಾಡಿನ ಮಳೆಯ ಅಪೇಕ್ಷೆ. ಹೀಗೆ ಒಂದನ್ನೊಂದು ಅವಲಂಬಿಸಿದ ಈ ಸಾಲು ಯಾವುದನ್ನೂ ಅವಲಂಬಿಸದ ಒಂದು ವಸ್ತುವಿನಲ್ಲಿ ನೆಲೆಗೊಳ್ಳಲೇಬೇಕು. ಆದರೆ ನೀರು ಪರಾಧೀನವೆಂದ ಮಾತ್ರಕ್ಕೆ ಅದು ಸುಳ್ಳಾಗುವುದೇ? ಬಾಯಾರಿದವನ ದಾಹವೂ ಸತ್ಯ, ಅದನ್ನು ತಣಿಸುವ ನೀರೂ ಸತ್ಯ. ಪರಾಧೀನತೆ ಬೇರೆ, ಮಿಥ್ಯಾತ್ವ ಬೇರೆ. ಈ ವಿವೇಕವೇ ನಮ್ಮ ಸಿದ್ಧಾಂತದ ಜೀವಾಳ.

ಅದ್ವೈತಿಗಳು ನಿರ್ಗುಣ ಬ್ರಹ್ಮವೊಂದೇ ಪರಮಾರ್ಥವೆಂದೂ ಜಗತ್ತು ವ್ಯಾವಹಾರಿಕ ಸತ್ಯವೆಂದೂ ಹೇಳುವರು. ಶ್ರೀರಾಮಾನುಜರು ಚೇತನಾಚೇತನಗಳು ಬ್ರಹ್ಮದ ಶರೀರವೆನ್ನುವರು. ಶ್ರೀಮದಾಚಾರ್ಯರಾದರೋ ಗುಣಪೂರ್ಣನಾದ ಭಗವಂತನನ್ನೂ, ಅವನಿಂದ ಭಿನ್ನವಾಗಿ ಅವನ ಅಧೀನದಲ್ಲಿರುವ ಸತ್ಯಜಗತ್ತನ್ನೂ ಒಪ್ಪುವರು. ಬರಗಾಲದಲ್ಲಿ ದನಕರುಗಳಿಗೆ ಮೇವಿಲ್ಲದೆ ಕಂಗೆಟ್ಟ ರೈತನಿಗೆ, ‘ನಿನ್ನ ದುಃಖವು ಕೊನೆಗೆ ನಿಜವಲ್ಲ’ ಎಂದು ಹೇಳಲು ನಮ್ಮ ಶಾಸ್ತ್ರವು ಒಪ್ಪದು. ಆ ದುಃಖ ಸತ್ಯ. ಅದನ್ನು ನೀಗಿಸಬಲ್ಲ ಪ್ರಭುವೂ ಸತ್ಯ. ಅವನ ಪ್ರೇರಣೆಯಿಂದ ನೆರೆಯವರು ಮಾಡುವ ಸಹಾಯವೂ ಸತ್ಯ.

ಈಗ ಮೊದಲಿನ ಸಂದೇಹಕ್ಕೆ ಬರೋಣ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನಿಗೆ ಕರ್ತೃತ್ವವಿದೆಯೆಂದೂ, ಅದು ಪರಮಾತ್ಮನಿಂದಲೇ ಬಂದುದೆಂದೂ ನಿರ್ಣಯವಾಗಿದೆ. ಅಲ್ಲಿ ಬರುವ ದೃಷ್ಟಾಂತ ಬಡಗಿಯದು. ಬಡಗಿಯು ಮಾಡಿಸುವವನ ನಿಯಮನಕ್ಕೆ ಒಳಪಟ್ಟಿದ್ದರೂ, ಉಳಿ ಹಿಡಿದು ಕೆಲಸ ಮಾಡುವವನು ಅವನೇ. ಜೀವನಿಗೆ ಕರ್ತೃತ್ವವೇ ಇಲ್ಲದಿದ್ದರೆ ‘ಇದನ್ನು ಮಾಡು, ಇದನ್ನು ಬಿಡು’ ಎಂಬ ಶಾಸ್ತ್ರದ ವಿಧಿನಿಷೇಧಗಳೇ ವ್ಯರ್ಥವಾಗುತ್ತಿದ್ದವು. ಆದುದರಿಂದ ‘ಹರಿಯು ಮಾಡಿಸಲಿಲ್ಲ’ ಎಂದು ಕೈಕಟ್ಟಿ ಕುಳಿತುಕೊಳ್ಳುವುದು ಭಕ್ತಿಯಲ್ಲ, ಆಲಸ್ಯ. ‘ನಾನೇ ಮಾಡಿದೆ’ ಎನ್ನುವುದು ಅಹಂಕಾರ. ಇವೆರಡರ ನಡುವಿನದೇ ಸಾಧಕನ ದಾರಿ.

ಕೆರೆಯ ಹೂಳೆತ್ತುವುದು ನಮ್ಮ ಕರ್ತವ್ಯ. ಮಳೆ ಸುರಿಸುವುದು ಅವನ ಕರುಣೆ. ಹೂಳೆತ್ತುವ ಶಕ್ತಿಯೂ ಅವನು ಕೊಟ್ಟದ್ದೇ. ಈ ಅನುಸಂಧಾನದಿಂದ ನಿತ್ಯಕರ್ಮಗಳನ್ನು ಆಚರಿಸಿ ಅವನಿಗೇ ಸಮರ್ಪಿಸೋಣ. ಪರತತ್ತ್ವಜ್ಞಾನವು ಗ್ರಂಥದಲ್ಲಿಯೇ ಉಳಿಯದೆ ಬಾಳಿನಲ್ಲಿ ಫಲಿಸುವುದು ಹೀಗೆ.

ಶ್ರೀಕೃಷ್ಣಾರ್ಪಣಮಸ್ತು.