ಸಂಗೀತದ ಪೀರಿಯಡ್‌ಗೆ ಒಂದು ಫೋನು, ಒಂದು ಸ್ಪೀಕರು

ಪ್ರೌಢಶಾಲೆಯ ಸಂಗೀತ ಪಾಠಕ್ಕೆ ಸ್ಟುಡಿಯೊ ಬೇಕಿಲ್ಲ. ಶಿಕ್ಷಕರ ಸ್ಮಾರ್ಟ್‌ಫೋನು, ವೈರಿನಲ್ಲಿ ಜೋಡಿಸುವ ಸ್ಪೀಕರು, ಶಾಲೆಯ ಹಳೆಯ ಕಂಪ್ಯೂಟರು ಸಾಕು. ಬ್ಲೂಟೂತ್ ಸ್ಪೀಕರಿನಲ್ಲಿ ನಾದ ತುಸು ತಡವಾಗಿ ಬರುವುದರಿಂದ, ಫೋನಿನ ಕೀಬೋರ್ಡ್ ನುಡಿಸುವಾಗ ತಾಳ ಜಾರುತ್ತದೆ.

ಮೊದಲ ಕೆಲಸ ಶ್ರುತಿಯದು. ಉಚಿತ ತಂಬೂರಿ ಆ್ಯಪ್ ಒಂದನ್ನು ಹಾಕಿಕೊಳ್ಳಿ. ಎಂಟರಿಂದ ಹತ್ತನೇ ತರಗತಿ ಎಂದರೆ ಹುಡುಗರ ದನಿ ಒಡೆಯುವ ಕಾಲ. ತಾರಸ್ಥಾಯಿಯನ್ನು ಸಲೀಸಾಗಿ ಮುಟ್ಟುತ್ತಿದ್ದವನು ಬಾಯಿ ಬಿಡಲು ನಾಚುತ್ತಾನೆ. ಹಾಡು ಕೈಬಿಡುವ ಅಪಾಯ ಹೆಚ್ಚಿರುವುದೂ ಆಗಲೇ. ಹುಡುಗಿಯರಿಗೆ ಸಾಮಾನ್ಯವಾಗಿ ಐದು ಅಥವಾ ಐದೂವರೆ ಮನೆ ಹಿತ, ದನಿ ಒಡೆದ ಹುಡುಗರಿಗೆ ಒಂದರ ಆಸುಪಾಸು. ಇಡೀ ತರಗತಿಯನ್ನು ಒಂದೇ ಶ್ರುತಿಗೆ ಎಳೆಯಬೇಡಿ. ಗುಂಪು ಮಾಡಿ, ಶ್ರುತಿ ಬದಲಿಸಿ, ಸರದಿಯಂತೆ ಹಾಡಿಸಿ.

ಆಮೇಲೆ ಮಾಯಾಮಾಳವಗೌಳದ ಸರಳೆ ವರಸೆಗಳನ್ನು ನಿಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ, ಕಂಪ್ಯೂಟರಿನ ‘ಅಡಾಸಿಟಿ’ಯಲ್ಲಿ ತೆರೆಯಿರಿ. 2000ದಿಂದ ಬಳಕೆಯಲ್ಲಿರುವ ಈ ಉಚಿತ ತಂತ್ರಾಂಶ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ‘ಚೇಂಜ್ ಟೆಂಪೊ’ ಆರಿಸಿದರೆ ಶ್ರುತಿ ಕದಲದೆ ಕಾಲ ಮಾತ್ರ ನಿಧಾನವಾಗುತ್ತದೆ. ‘ಸ್ಪೀಡ್’ ಬದಲಿಸಿದರೆ ಶ್ರುತಿಯೂ ಇಳಿಯುತ್ತದೆ, ಅದನ್ನು ಮುಟ್ಟಬೇಡಿ.

ಮಕ್ಕಳ ಕಣ್ಣರಳಿಸುವುದು ಮುಂದಿನ ಹಂತ. ಅಡಾಸಿಟಿಯಲ್ಲೇ ‘ಸ್ಪೆಕ್ಟ್ರೋಗ್ರಾಮ್’ ನೋಟಕ್ಕೆ ಬದಲಿಸಿ. ತಂಬೂರಿ ನಿಲ್ಲಿಸಿಯೇ ಹಾಡಿ. ಇಲ್ಲವಾದರೆ ಅದರ ಗೆರೆಗಳೂ ಪರದೆ ತುಂಬುತ್ತವೆ. ಷಡ್ಜವನ್ನು ನೇರವಾಗಿ ಹಿಡಿದರೆ ಗೆರೆ ಸಮನಾಗಿ ಓಡುತ್ತದೆ. ತೋಡಿಯ ಗಾಂಧಾರ ಹಾಡಿದರೆ ಅದೇ ಗೆರೆ ಅಲೆಯಾಗಿ ತೂಗುತ್ತದೆ. ಮೇಲೆ ಮೇಲೆ ಕಾಣುವ ಉಳಿದ ಗೆರೆಗಳು ದನಿಯ ಜೊತೆಗೇ ಹುಟ್ಟುವ ಸ್ವಯಂಭೂ ಸ್ವರಗಳು ಎಂದು ಹೇಳಿ. ವಿಜ್ಞಾನದ ಶಿಕ್ಷಕರನ್ನೂ ಆ ಪೀರಿಯಡ್‌ಗೆ ಕರೆಯಿರಿ. ಗಮಕವನ್ನು ಮಾತಿನಲ್ಲಿ ವಿವರಿಸುವುದು ಕಷ್ಟ. ಕಿವಿಗೆ ಕಣ್ಣು ಜೊತೆಯಾದರೆ ಮಗು ತಾನೇ ತಿದ್ದಿಕೊಳ್ಳತೊಡಗುತ್ತದೆ.

ಸ್ವಂತ ರಚನೆಗೆ ಗೂಗಲ್‌ನ ಕ್ರೋಮ್ ಮ್ಯೂಸಿಕ್ ಲ್ಯಾಬ್‌ನಲ್ಲಿರುವ ‘ಸಾಂಗ್ ಮೇಕರ್’ ಒಳ್ಳೆಯದು. ಲಾಗಿನ್ ಬೇಕಿಲ್ಲ. ‘ಪೆಂಟಾಟಾನಿಕ್’ ಆರಿಸಿದರೆ ಮೋಹನದ ಐದು ಸ್ವರಸ್ಥಾನಗಳು ಸಿಗುತ್ತವೆ, ಆದರೆ ಗಮಕವಿಲ್ಲದೆ ಅದು ಮೋಹನವಾಗದು. ಹಾಗಾಗಿ ಮಕ್ಕಳು ಚೌಕಗಳಲ್ಲಿ ಜೋಡಿಸಿದ್ದನ್ನು ಅಲ್ಲಿಗೇ ಬಿಡಬೇಡಿ, ಕಂಠದಲ್ಲಿ ಹಾಡಿಸಿ. ಪರದೆ ಕೊಡಲಾರದ್ದನ್ನು ನೀವು ಕೊಡಬೇಕಾದ ಜಾಗ ಇದೇ.

ಮನೆಯಲ್ಲಿ ಎಲ್ಲರಿಗೂ ಫೋನ್ ಇರುವುದಿಲ್ಲ. ರೆಕಾರ್ಡಿಂಗನ್ನು ಶಾಲೆಯಲ್ಲೇ ಮುಗಿಸಿ. ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳ ದನಿಯನ್ನಾಗಲಿ ವಿಡಿಯೊವನ್ನಾಗಲಿ ಎಲ್ಲೂ ಹಂಚಬೇಡಿ. ಪ್ರತಿ ಮಗುವಿನ ಫೈಲಿಗೆ ತಾರೀಖು ಹಾಕಿಡಿ. ಜೂನ್‌ನ ಹಾಡನ್ನೂ ಫೆಬ್ರವರಿಯದನ್ನೂ ಆ ಮಗುವಿಗೆ ಒಂದರ ಹಿಂದೊಂದು ಕೇಳಿಸಿ.