ಅಂಗಡಿ ಒಡೆಸುವ ಮುಂಚೆ

ಬೆಂಗಳೂರಿನ ಬಟ್ಟೆ ಅಂಗಡಿಗಳಿಗೆ ಒಳಾಂಗಣ ಮಾಡಿಕೊಡುವುದು ನನ್ನ ಕಸುಬು. ಪರಿಸರದ ಮಾತು ಬಂದಾಗಲೆಲ್ಲ ಮಾಲೀಕರು ಬಿದಿರು, ಹಸಿರು ಗೋಡೆ ಅಂತ ಶುರು ಮಾಡುತ್ತಾರೆ. ನಾನು ಕೇಳುವುದು ಇಷ್ಟೇ: ಇದನ್ನು ಮುಂದೆ ಬಿಚ್ಚುವುದು ಹೇಗೆ?

1. ಇರುವುದನ್ನು ಮೊದಲು ನೋಡಿ. ಬಾಡಿಗೆದಾರ ಬದಲಾದ ಕೂಡಲೇ ಎಲ್ಲ ಕೀಳುವುದು ನಮ್ಮಲ್ಲಿ ರೂಢಿ. ಹಳೆಯ ಮೊಸಾಯಿಕ್ ನೆಲಕ್ಕೆ ಪಾಲಿಶ್ ಹೊಡೆಸಿದರೆ ಸಾಕು. ಹೊಸ ನೆಲವೇ ಬೇಕೆಂದರೆ ಕಲಬುರಗಿ ಕಡೆಯ ಶಹಾಬಾದ್ ಕಲ್ಲಿದೆ; ವಿಟ್ರಿಫೈಡ್ ಟೈಲ್ಸಿನಂತೆ ಸುಮಾರು 1200 ಡಿಗ್ರಿ ಶಾಖದಲ್ಲಿ ಸುಡಬೇಕಿಲ್ಲ.

2. ಅಂಟು ಕಡಿಮೆ, ಸ್ಕ್ರೂ ಹೆಚ್ಚು. ಎಂಡಿಎಫ್ ಹಲಗೆ ನೀರು ಕುಡಿದರೆ ಉಬ್ಬುತ್ತದೆ; ಒಮ್ಮೆ ತೆಗೆದ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಬಿಗಿಯಾಗಿ ಕೂರದು. ಅದರ ಮೇಲೆ ಲ್ಯಾಮಿನೇಟ್ ಅಂಟಿಸಿದರಂತೂ ಕಸವೇ. ಹೊಸ ಅಂಗಡಿಯಲ್ಲಿ ಕಣ್ಣುರಿಸುವ ವಾಸನೆಗೆ ಒಂದು ಮುಖ್ಯ ಕಾರಣ ಹಲಗೆಯ ಅಂಟಿನ ಫಾರ್ಮಾಲ್ಡಿಹೈಡ್. ಅದನ್ನು ಕಡಿಮೆ ಬಿಡುವ ಇ1 ಅಥವಾ ಇ0 ದರ್ಜೆಯ ಹಲಗೆಯನ್ನೇ ಕೇಳಿ. ಬೋಲ್ಟ್ ಹಾಕಿದ ಕಬ್ಬಿಣದ ರ್‍ಯಾಕಾದರೆ ಬಿಚ್ಚಿ, ಟೆಂಪೋಗೆ ಹಾಕಿ, ಇನ್ನೊಂದು ಅಂಗಡಿಯಲ್ಲಿ ನಿಲ್ಲಿಸಬಹುದು.

3. ದೀಪದ ಲೆಕ್ಕವನ್ನು ಎಸಿಯ ಜೊತೆ ಹಾಕಿ. 50 ವಾಟಿನ 40 ಹ್ಯಾಲೊಜನ್ ಎಂದರೆ 2000 ವಾಟ್. 7 ವಾಟಿನ ಎಲ್‌ಇಡಿ ಹಾಕಿದರೆ 280. ಉಳಿತಾಯ ಅಲ್ಲಿಗೇ ನಿಲ್ಲುವುದಿಲ್ಲ. ಹೆಚ್ಚುವರಿ 1720 ವಾಟ್ ಅಂಗಡಿಯೊಳಗೆ ಶಾಖವಾಗಿ ಸೇರುತ್ತಿತ್ತು. ಒಂದು ಟನ್ ಎಸಿ ಹೊರಹಾಕುವುದು ಸುಮಾರು 3500 ವಾಟ್. ಅಂದರೆ ಹತ್ತಿರ ಹತ್ತಿರ ಅರ್ಧ ಟನ್ ಎಸಿ ದೀಪಗಳ ಸೇವೆಗೇ ಮೀಸಲು! ಆದರೆ ಅಗ್ಗದ ಎಲ್‌ಇಡಿ ತರಬೇಡಿ. ಅದರಡಿ ಮರೂನ್ ಸೀರೆ ಕಂದು ಕಾಣುತ್ತದೆ, ಗಿರಾಕಿ ಸೆರಗು ಹಿಡಿದು ಬಾಗಿಲ ಬಿಸಿಲಿಗೆ ಓಡುತ್ತಾಳೆ, ಮಾಲೀಕರು ಇನ್ನೂ ಹತ್ತು ದೀಪ ಹಾಕಿಸುತ್ತಾರೆ. ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಳತೆ) 90ಕ್ಕಿಂತ ಮೇಲಿರಲಿ.

4. ಎಸಿ ಓಡುವಾಗ ಬಾಗಿಲು ಮುಚ್ಚಿರಲಿ. ಗಿರಾಕಿ ಬರುವುದಿಲ್ಲ ಎಂಬ ಭಯ ಬಿಡಿ. ಚಿನ್ನದಂಗಡಿಗಳ ಬಾಗಿಲು ಮುಚ್ಚಿಯೇ ಇರುತ್ತದೆ.

5. ಪೀಠೋಪಕರಣ ಎಷ್ಟು ಬೇಕು? ಚಿಕ್ಕಪೇಟೆಯ ಹಳೆಯ ಸೀರೆ ಅಂಗಡಿಗಳಲ್ಲಿ ಗಾದಿ, ಅದರ ಮೇಲೊಂದು ಬಿಳಿ ಬಟ್ಟೆ, ಅಷ್ಟರಲ್ಲೇ ವ್ಯಾಪಾರ ಮುಗಿಯುತ್ತದೆ. ಮಂಡಿನೋವಿನವರಿಗೆ ನಾಲ್ಕು ಕುರ್ಚಿ ಇಟ್ಟರಾಯಿತು.

6. ಒಡೆದ ಗಾರೆ, ಜಿಪ್ಸಮ್, ಮರದ ಚೂರು ಎಲ್ಲ ಒಂದೇ ಲಾರಿಗೆ ಬಿದ್ದರೆ ಯಾವುದೂ ಮರುಬಳಕೆಗೆ ಬರುವುದಿಲ್ಲ. ಕಂಟ್ರಾಕ್ಟರ್ ಕೊಟೇಶನ್ ತಂದಾಗ, ಯಾವುದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಅದನ್ನು ಬರೆಸಿಕೊಂಡ ಮೇಲೆಯೇ ಮುಂಗಡ ಕೊಡಿ.